ಮೊದಲ ಕೆಲಸ ಟೇಬಲ್ ಹಿಂದೆ ಯಾಕೆ?

ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಹುಡುಗಿಯರಿಗೇನೂ ಬರವಿಲ್ಲ. ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ತರಗತಿಗಳಲ್ಲಂತೂ ಹೆಚ್ಚೂಕಡಿಮೆ ಹುಡುಗರ ಸಮಕ್ಕೆ ಇರುತ್ತಾರೆ. ನಾನೀಗ ಇರುವ ಜರ್ಮನಿಯಲ್ಲಿ ಅಷ್ಟು ಜನ ಕಾಣುವುದಿಲ್ಲ. ಇದರಲ್ಲಿ ನಾವೇ ಮುಂದು, ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಮೊದಲ ಕೆಲಸಕ್ಕೆ ಸೇರುವ ಹೊತ್ತಿಗೆ ಲೆಕ್ಕ ತಿರುಗುಮುರುಗಾಗುತ್ತದೆ.

ಮೆಕ್ಯಾನಿಕಲ್ ಓದಿದ ಹುಡುಗಿಯೊಬ್ಬಳು ಕಾರ್ಖಾನೆ ಸೇರಿದಳು ಅಂತಿಟ್ಟುಕೊಳ್ಳಿ. ಜೊತೆಗೆ ಸೇರಿದ ಹುಡುಗ ಪ್ರೊಡಕ್ಷನ್‌ಗೆ ಹೋಗುತ್ತಾನೆ, ಇವಳನ್ನು ರಿಪೋರ್ಟ್ ಬರೆಯಲು ಕೂರಿಸುತ್ತಾರೆ. "ಹೆಣ್ಣುಮಗು, ಶಿಫ್ಟ್ ಎಲ್ಲಾ ಯಾಕೆ ಪಾಪ" ಅನ್ನುತ್ತಾರೆ. ಕೆಟ್ಟ ಮನಸ್ಸಿನ ಮಾತಲ್ಲ ಅದು. ಆದರೆ ಕೆಲವು ವರ್ಷ ಕಳೆದು ಪ್ರೊಡಕ್ಷನ್ ಲೈನ್ ಕೈಕೊಟ್ಟಾಗ, ಬೇರಿಂಗ್ ಸದ್ದು ಕೇಳಿಯೇ ತೊಂದರೆ ಎಲ್ಲಿದೆ ಅಂತ ಹೇಳುವವನು ಅವನು, ಎಕ್ಸೆಲ್ ಶೀಟ್ ತುಂಬಿ ತುಂಬಿ ಸಾಕಾದವಳು ಇವಳು. ಪ್ರಮೋಷನ್ ಯಾರಿಗೆ ಸಿಗುತ್ತೆ ಹೇಳಿ?

ಇಲ್ಲಿ ಜರ್ಮನಿಯ ಅನೇಕ ವಿಶ್ವವಿದ್ಯಾಲಯಗಳಲ್ಲಿ ಮೆಕ್ಯಾನಿಕಲ್ ಓದುವವರು ಕೆಲವು ವಾರ ಕಾರ್ಖಾನೆಯಲ್ಲಿ ಕೈಕೆಲಸ ಮಾಡಲೇಬೇಕು. ಉಕ್ಕಿನ ತುಂಡನ್ನು ವೈಸ್‌ಗೆ ಬಿಗಿದು ಅರದಿಂದ ಉಜ್ಜುವುದು, ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದು ನೋಡುವುದು, ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜುವುದು. ಆಮೇಲೆ ಲೇತ್, ವೆಲ್ಡಿಂಗ್. ಹುಡುಗಿ ಅಂತ ವಿನಾಯಿತಿ ಇಲ್ಲ. ಹಾಗೆ ಬಂದವಳನ್ನು ಕೆಲಸಕ್ಕೆ ಸೇರಿದ ಮೇಲೆ ಮಷೀನಿನಿಂದ ದೂರ ಇಡಲು ಯಾರಿಗೂ ನೆಪ ಸಿಗುವುದಿಲ್ಲ.

ಜರ್ಮನಿ ಮೊದಲಿಂದಲೂ ಹೀಗಿತ್ತು ಅಂದುಕೊಳ್ಳಬೇಡಿ. ಮನೆಗೆಲಸಕ್ಕೆ ಅಡ್ಡಿಯಾಗದಿದ್ದರೆ ಮಾತ್ರ ಹೆಂಡತಿ ಹೊರಗೆ ದುಡಿಯಬಹುದು ಅನ್ನುವ ಕಾನೂನು ಪಶ್ಚಿಮ ಜರ್ಮನಿಯಲ್ಲಿ 1977ರವರೆಗೂ ಇತ್ತು! ಕಾನೂನು ಬದಲಾಯಿಸಿದರು, ರೂಢಿ ಅದರ ಹಿಂದೆ ನಿಧಾನವಾಗಿ ಬದಲಾಯಿತು. ಈಗ ಮಗು ಹುಟ್ಟಿದಾಗ ಸರ್ಕಾರವೇ ಹಣ ಕೊಡುತ್ತದೆ, ಸಾಮಾನ್ಯವಾಗಿ ಅಪ್ಪನೂ ರಜೆ ಹಾಕಿದರೆ ಮಾತ್ರ ಇನ್ನೆರಡು ತಿಂಗಳ ಹಣ ಜಾಸ್ತಿ ಸಿಗುತ್ತದೆ. ನಮ್ಮಲ್ಲಿ 2017ರಿಂದ ತಾಯಿಗೆ 26 ವಾರ ಸಂಬಳದ ರಜೆ ಇದೆ, ಒಳ್ಳೆಯದೇ. ಆದರೆ ಇಎಸ್‌ಐ (ನೌಕರರ ಸರ್ಕಾರಿ ವಿಮೆ) ವ್ಯಾಪ್ತಿಗೆ ಬಾರದವರಿಗೆ ಆ ಹಣವನ್ನೆಲ್ಲ ಕಂಪನಿಯೇ ಕೊಡಬೇಕು, ಖಾಸಗಿ ಕೆಲಸದಲ್ಲಿರುವ ಅಪ್ಪಂದಿರಿಗೆ ಅಂಥ ಕಾನೂನೇ ಇಲ್ಲ, ಹಾಗಾಗಿ ಇಂಟರ್‌ವ್ಯೂನಲ್ಲಿ ಕೂತವರ ತಲೆಯಲ್ಲಿ ಹುಡುಗಿಯ ಮದುವೆ, ಮಗುವಿನ ಲೆಕ್ಕವೇ ಓಡುತ್ತಿರುತ್ತದೆ, ಹುಡುಗನ ವಿಷಯದಲ್ಲಿ ಯಾರೂ ಅದನ್ನು ಯೋಚಿಸುವುದಿಲ್ಲ. ಇದು ಅನ್ಯಾಯ ಅಲ್ವಾ?

1948ರ ಕಾರ್ಖಾನೆ ಕಾಯ್ದೆ ಹೆಂಗಸರಿಗೆ ರಾತ್ರಿ ಕೆಲಸ ಬೇಡ ಅಂದಿತ್ತು. ಕರ್ನಾಟಕ 2019ರಲ್ಲಿ ಷರತ್ತು ಹಾಕಿ ಅದಕ್ಕೆ ದಾರಿ ಮಾಡಿಕೊಟ್ಟಿತು. ಕಾನೂನಿನ ನೆಪವೂ ಹೋಯಿತು ಅಂತಾಯ್ತು. ಇನ್ನು ಹೊಸಬರನ್ನೆಲ್ಲ ಒಂದೇ ಪಟ್ಟಿಯಲ್ಲಿ ಹಾಕಿ ಎಲ್ಲ ವಿಭಾಗಕ್ಕೂ ಕಳಿಸಿ. ಮಷೀನುಗಳಿರುವ ಫ್ಲೋರಿನ ಹತ್ತಿರವೇ ಹೆಂಗಸರ ಶೌಚಾಲಯ, ಅವಳ ಕಾಲಿಗೆ ಆಗುವ ಸೇಫ್ಟಿ ಶೂ, ರಾತ್ರಿ ಮನೆ ಮುಟ್ಟಿಸುವ ಗಾಡಿ, ಇಷ್ಟನ್ನು ಅವಳು ಸೇರುವ ಮೊದಲೇ ಮಾಡಿಡಿ. ಅವಳೇ ಬಂದು ಕೇಳಲಿ ಅಂತ ಕಾಯಬೇಡಿ.