ಹಳೆಯ ತಪ್ಪು ಹುಡುಕಿಕೊಂಡು ಬರುವವರೆಗೆ

ಬೆಂಗಳೂರಿನಲ್ಲಿ 7 ವರ್ಷಕ್ಕೆ 4 ಕಂಪನಿ ಕಂಡವನು ನಾನು. ಪ್ರತಿ ಸಲವೂ ಕಾರಣ ಒಂದೇ, ಸಂಬಳ. ಇದ್ದಲ್ಲೇ ಇದ್ದರೆ ಶೇ. 8, ಹೊಸ್ತಿಲು ದಾಟಿದರೆ ಶೇ. 30. 90 ದಿನದ ನೋಟಿಸ್ ಅವಧಿಯೆಂದರೆ ನಮಗೆ ಸಂತೆಯ ದಿನಗಳು: ಒಂದು ಆಫರ್ ಲೆಟರ್ ಕೈಯಲ್ಲಿ ಹಿಡಿದು ಇನ್ನೊಂದು ಕಡೆ ಚೌಕಾಸಿಗೆ ನಿಲ್ಲುವುದು. ಬ್ಯಾಂಕೊಂದರಲ್ಲೇ 34 ವರ್ಷ ದುಡಿದ ಅಪ್ಪ, "ಐದು ವರ್ಷ ತುಂಬಿಸಿದ್ದರೆ ಗ್ರಾಚ್ಯುಟಿಯಾದರೂ ಸಿಗುತ್ತಿತ್ತಲ್ಲೋ" ಎಂದು ಪೇಚಾಡುತ್ತಿದ್ದರು. ಕೆಲಸ ಬಿಡುವಾಗ ಸಿಗುವ ಇಡಿಗಂಟು, ವರ್ಷಕ್ಕೆ 15 ದಿನದ ವೇತನದ ಲೆಕ್ಕ ಅದು. ನನ್ನ ಜಿಗಿತಗಳ ಮುಂದೆ ಜುಜುಬಿ. ಲೆಕ್ಕದಲ್ಲಿ ಗೆದ್ದವನು ನಾನೇ.

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದಾಗ ಪಕ್ಕದ ಮೇಜಿನವರು ಅದೇ ಕಂಪನಿಯಲ್ಲಿ 22 ವರ್ಷ ಕಳೆದಿದ್ದರು. ಬೇರೆಲ್ಲೂ ಕೆಲಸ ದಕ್ಕದ ಮನುಷ್ಯನಿರಬೇಕು ಎಂದುಕೊಂಡೆ. ಮೂರನೆಯ ತಿಂಗಳಲ್ಲಿ, ಕಾರಿನ ಒಂದು ಸೆನ್ಸರ್ ಚಳಿಯಲ್ಲಿ ತಪ್ಪು ಅಂಕಿ ಕೊಡುತ್ತಿದೆ ಎಂಬ ದೂರು ಬಂತು. ಅವರು ಅದರ ಸಾಫ್ಟ್‌ವೇರ್ ಕೋಡಿನ ಫೈಲು ತೆರೆದರು. 2009ರ ದಿನಾಂಕದ ಕೆಳಗೆ ಅವರದೇ ಹೆಸರಿನ ಎರಡಕ್ಷರ. ಸ್ವಲ್ಪ ಹೊತ್ತು ನೋಡಿ, "ಆಗ ನನಗೆ ಇಷ್ಟೇ ಗೊತ್ತಿದ್ದದ್ದು" ಎಂದು ನಕ್ಕು, ತಾವೇ ಬರೆದ 11 ಸಾಲನ್ನು ಅಳಿಸಿದರು.

ನನಗೆ ಕಸಿವಿಸಿಯಾಯಿತು. ಒಂದು ವರ್ಷಕ್ಕಿಂತ ಹಳೆಯದಾದ ನನ್ನದೇ ತಪ್ಪನ್ನು ನಾನು ಎಂದೂ ತಿದ್ದಿರಲಿಲ್ಲ. ಅದು ಹಣ್ಣಾಗಿ ಉದುರುವ ಹೊತ್ತಿಗೆ ನಾನು ಮುಂದಿನ ಕಂಪನಿಯ ಕ್ಯಾಂಟೀನಿನಲ್ಲಿರುತ್ತಿದ್ದೆ. ಆಯ್ದುಕೊಂಡವರು ಯಾರೋ, ಬೈದುಕೊಂಡವರು ಯಾರೋ. 7 ವರ್ಷದ ಅನುಭವ ಎಂದು ಬಯೋಡೇಟಾದಲ್ಲಿ ಬರೆದಿದ್ದೆನಲ್ಲ, ಅದು ಮೊದಲ ಒಂದೂಮುಕ್ಕಾಲು ವರ್ಷವನ್ನೇ ನಾಲ್ಕು ಸಲ ಬದುಕಿದ್ದು.

ಹಾಗೆಂದು ಇಲ್ಲಿ ಕೂತವರೆಲ್ಲ ತಪಸ್ಸಿಗೆ ಕೂತವರಲ್ಲ. ಹಳಬರನ್ನು ತೆಗೆಯಬೇಕಾದರೆ ಮಾಲೀಕ ಕೊಡಬೇಕಾದ ನೋಟಿಸ್ ಅವಧಿಯನ್ನು ಕಾನೂನೇ ಹಿಗ್ಗಿಸುತ್ತಾ ಹೋಗುತ್ತದೆ: 2 ವರ್ಷಕ್ಕೆ ಒಂದು ತಿಂಗಳು, 10 ವರ್ಷಕ್ಕೆ ನಾಲ್ಕು, 20 ವರ್ಷಕ್ಕೆ ಏಳು. ಕೆಲಸ ಬದಲಿಸಿದರೆ ಸಾಮಾನ್ಯವಾಗಿ ಮತ್ತೆ ಆರು ತಿಂಗಳ ಪ್ರೊಬೇಷನ್. ಆಗ ಎರಡು ವಾರದ ನೋಟಿಸ್ ಕೊಟ್ಟು ಮನೆಗೆ ಕಳಿಸಬಹುದು. ಹೀಗಾಗಿ ಬೇಸತ್ತವರೂ ಕುರ್ಚಿ ಬಿಡುವುದಿಲ್ಲ. ನಿವೃತ್ತಿಗೆ ಎಷ್ಟು ಸೋಮವಾರ ಉಳಿದಿವೆ ಎಂದು ಎಣಿಸುವವರನ್ನು ಕಂಡಿದ್ದೇನೆ. ನಮ್ಮ ಸರ್ಕಾರಿ ಕಚೇರಿಗಳನ್ನು ನೋಡಿದವರಿಗೆ ಇದು ಹೊಸದೇನಲ್ಲ.

ನಾಲ್ಕು ವರ್ಷವಾದ ಮೇಲೆ ನಾನು ಆ ಕಂಪನಿ ಬಿಟ್ಟೆ. ವಾರ್ಷಿಕ ಮಾತುಕತೆಯಲ್ಲಿ ಹೊಸ ಕೆಲಸ ಕೇಳಿದರೆ "ಅದು ಬೇರೆ ವಿಭಾಗದ್ದು" ಎಂಬ ಉತ್ತರ ಎರಡನೆಯ ವರ್ಷವೂ ಬಂತು. ಅಷ್ಟರಲ್ಲಿ ನನ್ನ ಹಳೆಯ ತಪ್ಪುಗಳು ಒಂದೊಂದಾಗಿ ಬಂದು, ತಿದ್ದಿಸಿಕೊಂಡು ಹೋಗಿದ್ದವು. ಹೊಸ ತಪ್ಪು ಮಾಡಲು ಅಲ್ಲಿ ಜಾಗವೇ ಇರಲಿಲ್ಲ. ಇಲ್ಲಿ ರಾಜೀನಾಮೆ ಇಮೇಲಿನಲ್ಲಿ ನಡೆಯದು. ಕಾಗದದ ಮೇಲೆ ಪೆನ್ನಿನಲ್ಲಿ ಸಹಿ ಮಾಡಿ ಕೊಡಬೇಕು. ಆ ಸಹಿ ಹಾಕುವಾಗ ಕೈ ತಡೆಯಿತು. ಬೆಂಗಳೂರಿನಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ.

ಬಿಡುವಾಗ ಕೊಡುವ ಪ್ರಮಾಣಪತ್ರದ್ದು ಇನ್ನೊಂದು ತಮಾಷೆ. ನಮ್ಮ ರಿಲೀವಿಂಗ್ ಲೆಟರಿನಂತೆ ಎರಡು ಸಾಲಲ್ಲ, ಎರಡು ಪುಟ, ಎಲ್ಲವೂ ಹೊಗಳಿಕೆ. ಆದರೆ "ಸದಾ ಸಂಪೂರ್ಣ ತೃಪ್ತಿಯಾಗುವಂತೆ" ದುಡಿದ ಎಂದರೆ ಒಳ್ಳೆಯ ಅಂಕ, ಬರೀ "ತೃಪ್ತಿಯಾಗುವಂತೆ" ಎಂದರೆ ಜಸ್ಟ್ ಪಾಸ್, "ಪ್ರಯತ್ನಪಟ್ಟ" ಎಂದರೆ ಮುಗಿಯಿತು. ನನ್ನದರಲ್ಲಿ "ಸದಾ" ಇದೆಯೇ ಎಂದು ಮೂರು ಸಲ ಹುಡುಕಿದೆ. ಇತ್ತು.

ಹೊಸ ಕಡೆ ಸಂಬಳ ಹೆಚ್ಚಿದ್ದು ಅಷ್ಟಕ್ಕಷ್ಟೆ. "ಇಷ್ಟಕ್ಕಾ?" ಎಂದಳು ಹೆಂಡತಿ.

ಕಳೆದ ವಾರ ಬೆಂಗಳೂರಿನಿಂದ ಅಕ್ಕನ ಮಗನ ಫೋನು. ಸೇರಿ 11 ತಿಂಗಳಾಗಿದೆ, ಶೇ. 40 ಹೆಚ್ಚಿನ ಆಫರ್ ಬಂದಿದೆ. ಇದನ್ನೆಲ್ಲ ಅವನಿಗೆ ಒಪ್ಪಿಸಿ, "ನೀನು ಮಾಡಿದ ಒಂದು ತಪ್ಪಾದರೂ ತಿರುಗಿ ಬಂದು ನಿನ್ನನ್ನು ಕಚ್ಚಿದೆಯೇನೋ?" ಎಂದೆ.

"ಮಾಮ, ಅದು ಬರುವ ಮುಂಚೆ ಇಎಂಐ ಕಚ್ಚುತ್ತಿದೆ."

ಹೋಗು ಎಂದೆ. ಹೋದಲ್ಲಿ ಮೂರು ವರ್ಷ ಕೂರು ಎಂದೂ ಸೇರಿಸಿದೆ. ಅವನು ನಕ್ಕ. ನನಗೆ ಇಲ್ಲಿ ಪ್ರೊಬೇಷನ್ ಮುಗಿಯಲು ಇನ್ನೂ ಐದು ವಾರವಿದೆ.