ಹುಡುಗನ ಹೆಸರೇನು?

ತಲೆ ಕೆಟ್ಟಿದೆ. ಇಲ್ಲಿ ಬರೆದು ಹಗುರ ಮಾಡಿಕೊಳ್ಳುತ್ತೇನೆ. ಉದ್ದ ಆದರೆ ಬೈಯಬೇಡಿ.

ಇವತ್ತು ಕಲಬುರಗಿ ಹತ್ತಿರದ ಶಹಾಬಾದ್ ಕಡೆ ಒಂದು ಖಣಿಗೆ ಹೋಗಿದ್ದೆ. ನೆಲಕ್ಕೆ ಹಾಸುವ ಪರಸಿ ಕಲ್ಲು ಒಡೆಯುವವರ ಬಗ್ಗೆ ಡಾಕ್ಯುಮೆಂಟರಿ ಮಾಡಲು ಬೆಂಗಳೂರಿಂದ ಐದು ಜನ ಬಂದಿದ್ದಾರೆ. ಸೌಂಡ್‌ಗೆ ನನ್ನನ್ನು ಕರೆದಿದ್ದರು. ಒಳ್ಳೆಯ ಮಕ್ಕಳು. ಅವರ ಸೇಫ್ಟಿ ಪ್ಲಾನ್ ನೋಡಿ ನನಗೆ ಖುಷಿಯೇ ಆಯಿತು. ಆರು ಪುಟ! ಐವರ ರಕ್ತದ ಗುಂಪು, ಮನೆಯವರ ನಂಬರ್, ಹತ್ತಿರದ ಆಸ್ಪತ್ರೆ, ಕ್ಯಾಮೆರಾಗೆ ಇನ್ಶೂರೆನ್ಸ್. ನೀರು ತುಂಬಿದ ಹಳೇ ಖಣಿಯ ಅಂಚಿಗೆ ಹೋಗಬಾರದು. ಪಕ್ಕದಲ್ಲಿ ಬ್ಲಾಸ್ಟಿಂಗ್ ಸೈರನ್ ಕೂಗಿದರೆ ಎಲ್ಲ ಬಿಟ್ಟು ದೂರ ಹೋಗಬೇಕು. ಬೀದರ್‌ನಲ್ಲಿ ವಾಯುಪಡೆ ನೆಲೆ ಇದೆ, ಅಲ್ಲಿ ಡ್ರೋನ್ ತೆಗೆಯಬಾರದು ಅಂತಲೂ ಇತ್ತು. ನಮ್ಮ ಕಾಲದಲ್ಲಿ ಪ್ಲಾನ್ ಅಂದರೆ ಜೇಬಲ್ಲಿ ಎರಡು ಜ್ವರದ ಮಾತ್ರೆ.

ಪೂರ್ತಿ ಓದಿದೆ. ಡ್ರೈವರ್ ಹೆಸರು ಎಲ್ಲೂ ಇಲ್ಲ. ಬೆಳಕು ತಿರುಗಿಸುವ ಹಲಗೆ, ಅಂದರೆ ರಿಫ್ಲೆಕ್ಟರ್ ಹಿಡಿಯಲು ಕರೆದುಕೊಂಡಿದ್ದ ಊರಿನ ಹುಡುಗನ ಹೆಸರೂ ಇಲ್ಲ.

ಡ್ರೈವರ್ ರಾತ್ರಿಯೆಲ್ಲ ಹೈದರಾಬಾದ್ ಬಾಡಿಗೆ ಹೊಡೆದು ಬಂದಿದ್ದ. "ಎರಡ್ ತಾಸು ಮಲಗೀನ್ರಿ ಅಣ್ಣಾ, ಸಾಕು" ಅಂದ. ನಾನು ಕೇಳಿದ್ದಕ್ಕೆ ಹೇಳಿದ, ಬೇರೆ ಯಾರೂ ಕೇಳಿರಲಿಲ್ಲ.

ಇದು ಮೇ ತಿಂಗಳು. ಬಿಸಿಲಿಗೆ ಹೆದರಿ ಸರ್ಕಾರವೇ ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು 1:30ಕ್ಕೆ ಮುಚ್ಚುತ್ತದೆ. ಇವರಿಗೆ 2 ಗಂಟೆಯ ಬಿಳಿ ಬೆಳಕೇ ಬೇಕಂತೆ. ಐವರಿಗೂ ಟೋಪಿ, ಓಆರ್‌ಎಸ್ ಇತ್ತು. ಹುಡುಗನಿಗೆ ರಿಫ್ಲೆಕ್ಟರ್ ಇತ್ತು! ಖಣಿಯಲ್ಲಿ ಬಿಸಿಲು ಮೇಲಿಂದಷ್ಟೇ ಅಲ್ಲ, ಕಾದ ಕಲ್ಲಿನಿಂದಲೂ ಬರುತ್ತದೆ. ನೋಡ್ತಾ ನೋಡ್ತಾ ಹುಡುಗ ತೊದಲಲು ಶುರು ಮಾಡಿದ, ಕುಸಿದು ಕೂತ. ಬೂಮ್ ಮೈಕ್ ಬಿಸಾಕಿ ಓಡಿದೆ. ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು, ಗಾಡಿಗೆ ಹಾಕಿಕೊಂಡು ಹೋದೆವು. ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು ಹೆಸರು ಕೇಳಿದರು. ಐವರೂ ಮುಖ ಮುಖ ನೋಡಿಕೊಂಡರು. ಮೂರು ದಿನದಿಂದ "ತಮ್ಮಾ, ತಮ್ಮಾ" ಅಂತಿದ್ದರು ಅಷ್ಟೇ. ಹೆಸರು ಹೇಳಿದ್ದು ಡ್ರೈವರ್. ಹುಡುಗನ ಮನೆಗೆ ಫೋನ್ ಮಾಡಿದ್ದೂ ಅವನೇ. (ಹುಡುಗ ಈಗ ಆರಾಮ ಇದ್ದಾನೆ.)

"ಬಜೆಟ್ ಸಣ್ಣದು ಸರ್" ಅಂದರು. ಹೌದಪ್ಪಾ, ಸಣ್ಣದೇ. ಎರಡು ಹೆಸರು ಬರೆಯೋಕೆ ಎಷ್ಟು ಇಂಕು ಬೇಕು? ಅದೇ ಬಜೆಟ್‌ನಲ್ಲಿ ಡ್ರೋನ್ ಬಂದಿದೆ ಅಲ್ವಾ?

ಕ್ಯಾಮೆರಾ ಮುಂದೆ ಮಾತಾಡಿದ ಕಲ್ಲು ಒಡೆಯುವವರದೂ ಇದೇ ಕಥೆ. ಮಾಲೀಕನ ಹತ್ತಿರ ಅಡ್ವಾನ್ಸ್ ತಗೊಂಡವರು ಅವರು. ನಾವು ಕಲಬುರಗಿಯಲ್ಲಿ ರಾತ್ರಿ ರೈಲು ಹತ್ತುತ್ತೇವೆ, ಅವರು ಬೆಳಿಗ್ಗೆ ಅದೇ ಖಣಿಗೆ ಇಳಿಯಬೇಕು. "ಮುಖ ಮಸುಕು ಮಾಡ್ತೀವಿ" ಅಂದರು. ನಾನು ಸೌಂಡ್‌ನವನು. ಅಲ್ಲೊಬ್ಬ ಕಾಕಾನ ಕೆಮ್ಮು ಕೇಳಿದರೆ ಸಾಕು, ಯಾರು ಅಂತ ಇಡೀ ಖಣಿ ಹೇಳುತ್ತದೆ. ಸಿನಿಮಾ ಹೊರಗೆ ಬಂದ ಮೇಲೆ ಅವನ ಕೂಲಿ ತಪ್ಪಿದರೆ ಯಾರಿಗೆ ಫೋನ್ ಮಾಡಬೇಕು? ಆರು ಪುಟದಲ್ಲಿ ಅದೂ ಇಲ್ಲ.

ಇಷ್ಟು ಕೂಗಾಡಲು ನನಗೇನು ಹಕ್ಕಿದೆ ಅಂತ ದಾರಿಯುದ್ದಕ್ಕೂ ಅನಿಸುತ್ತಿತ್ತು. 2020ರ ಅಕ್ಟೋಬರ್ ಪ್ರವಾಹ ನೆನಪಿದೆಯಲ್ಲ? ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟು ಭೀಮಾ ನದಿ ಉಕ್ಕಿದ್ದಳು. ನದಿ ದಡದ ಘತ್ತರಗಿ ಕಡೆ ಶೂಟಿಂಗ್. ಟ್ರೈಪಾಡ್ ಹಿಡಿದಿದ್ದ ಹುಡುಗ ಕೆಸರಲ್ಲಿ ಜಾರಿದ. ನಾನು ಮೊದಲು ಹಿಡಿದದ್ದು ಕ್ಯಾಮೆರಾ. ಅವನು ಬೇಲಿ ಜಾಲಿ ಹಿಡಿದು ತಾನೇ ಎದ್ದು ಬಂದ, ಕೈಯೆಲ್ಲ ಮುಳ್ಳು. ಇದನ್ನು ಇಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ. ಅವನ ಹೆಸರೂ ನನಗೆ ಗೊತ್ತಿಲ್ಲ.

ನಾಳೆ ಬೆಳಿಗ್ಗೆ 6ಕ್ಕೆ ಶುರು, 10ಕ್ಕೆ ಬಂದ್. ಜಗಳ ಮಾಡಿ ಒಪ್ಪಿಸಿದ್ದೇನೆ. ಹುಡುಗ ಬರಲ್ಲ, ಅವರವ್ವ ಬೇಡ ಅಂದಿದ್ದಾರೆ. ಡ್ರೈವರ್‌ಗೆ ಈಗಷ್ಟೇ ಫೋನ್ ಮಾಡಿದೆ. ಎತ್ತಲಿಲ್ಲ. ಮಲಗಿರಬೇಕು, ಮಲಗಲಿ.