ಸೀಕು ಕೋಳಿ ವಾಸಿ ಆದ್ರೆ ಅರ್ಧ ಕೆಲ್ಸ ಅಷ್ಟೇ

ಚಿತ್ತೆ ಮಳೆ ಮೂರು ದಿನ ಬಿಡದೆ ಹೊಡೀತಲ್ಲ, ಅದರ ಮಾರನೇ ಬೆಳಿಗ್ಗೆ ನಮ್ಮ ಹಿತ್ತಲ ಯಾಟೆಗಳಲ್ಲಿ ಒಂದು ಗೂಡಿಂದ ಆಚೆ ಬರ್ಲೇ ಇಲ್ಲ (ಯಾಟೆ ಅಂದ್ರೆ ಇನ್ನೂ ಮೊಟ್ಟೆಗೆ ಬರದ ಹೆಣ್ಣುಕೋಳಿ, ಬೆಂಗ್ಳೂರು ಸೇರ್ಕೊಂಡಿರೋ ನಮ್ಮೋರಿಗೆ ಮರ್ತೋಗಿರುತ್ತೆ ಅಂತ ಹೇಳ್ದೆ). ರೆಕ್ಕೆ ಇಳಿಬಿಟ್ಕೊಂಡು, ಗರಿ ಕೆದರ್ಕೊಂಡು, ಕಣ್ಣು ಮುಚ್ಚಿ ತೂಕಡಿಸ್ತಾ ನಿಂತಿತ್ತು, ನುಚ್ಚು ಚೆಲ್ಲಿದ್ರೂ ತಿರುಗಿ ನೋಡ್ಲಿಲ್ಲ. ಕೆಳಗೆ ಹಿಕ್ಕೆ ನೋಡಿದ್ರೆ ರಕ್ತ.

ಪಾಂಡವಪುರದ ಹತ್ರ ನಮ್ಮೂರು. ಸುದ್ದಿ ಹಬ್ಬೋಕೆ ಹತ್ತು ನಿಮಿಷ ಸಾಕು. ಪಕ್ಕದ್ಮನೆ ಗೌಡ್ರು ಬೇಲಿ ಆಚೆಯಿಂದ್ಲೇ "ಇನ್ನೂ ಉಸುರಾಡ್ತದೆ ಕಣಪ್ಪ, ಈಗ್ಲೇ ಕುಯ್ದು ಸಾರು ಮಾಡು" ಅಂದ್ರು. ಕೋಳಿ ಕೇಳಿ ಮಸಾಲೆ ಅರೀತಾರಾ ಅನ್ನೋದು ಅಲ್ಲಿ ಅಕ್ಷರಶಃ ನಿಜ ಆಯ್ತು. ಇನ್ನೊಬ್ರು ಸಂತೆಗೆ ಸಾಗಹಾಕಿಬಿಡು ಅಂದ್ರು, ಇದು ಮಾತ್ರ ನಂಗೆ ಮೈ ಉರಿಯುತ್ತೆ, ನಿಮ್ಮನೆ ಸೀಕು ಕೋಳೀನ ನೂರು ರೂಪಾಯಿಗೆ ಇನ್ಯಾರದೋ ಹಿತ್ತಲಿಗೆ ಕಳಿಸೋದು ಯಾವ ಲೆಕ್ಕದ ವ್ಯಾಪಾರ?

ಎಲ್ರೂ ಹೇಳಿದ್ದು ಕೊಕ್ಕರೆ ರೋಗ ಅಂತ. ನಮ್ ಕಡೆ ಕೋಳಿಗೆ ಏನೇ ಬಂದ್ರೂ ಕೊಕ್ಕರೆ ರೋಗನೇ. ಅದು ವೈರಸ್ಸು, ಬಂದ್ಮೇಲೆ ಔಷಧಿ ಇಲ್ಲ, ಮರಿ ಇದ್ದಾಗ್ಲೇ ಕಣ್ಣಿಗೋ ಮೂಗಿಗೋ ಲಸಿಕೆ ಹನಿ ಬಿಟ್ಟಿರಬೇಕು. ಅದರಲ್ಲಿ ಹಸಿರು ಭೇದಿ, ಬಾಯಿ ಬಿಟ್ಟು ಉಸಿರಾಟ, ಕತ್ತು ತಿರುಚ್ಕೊಳ್ಳೋದು ಇರುತ್ತೆ. ನಮ್ಮದರಲ್ಲಿ ಅದ್ಯಾವುದೂ ಇರ್ಲಿಲ್ಲ. ಹಿಕ್ಕೆನ ಪ್ಲಾಸ್ಟಿಕ್ ಕವರಲ್ಲಿ ಕಟ್ಕೊಂಡು ಪಶು ಆಸ್ಪತ್ರೆಗೆ ಹೋದೆ (ಬಸ್ಸಲ್ಲಿ ಪಕ್ಕದಲ್ಲಿ ಕೂತಿದ್ದೋರಿಗೆ ಹೇಳ್ಲಿಲ್ಲ). ಡಾಕ್ಟ್ರು ಮೈಕ್ರೋಸ್ಕೋಪಲ್ಲಿ ನೋಡಿ ರಕ್ತಭೇದಿ, ಅಂದ್ರೆ ಕಾಕ್ಸಿಡಿಯೋಸಿಸ್ ಅಂದ್ರು, ಆಂಪ್ರೋಲಿಯಂ ಪುಡಿ ಬರೆದ್ರು, ಎಲ್ಲಾ ಹದಿನಾಲ್ಕು ಕೋಳಿಗೂ ನೀರಲ್ಲಿ ಹಾಕಿ ಕೊಡಿ ಅಂದ್ರು. ಯಾಕಂದ್ರೆ ಎಲ್ಲಾ ಅದೇ ಒದ್ದೆ ಹೊಟ್ಟಲ್ಲೇ ಕೆದಕಿ ತಿಂದಿರುತ್ವೆ. ಈ ರೋಗ ತರೋದು ಕರುಳಲ್ಲಿರೋ ಕಣ್ಣಿಗೆ ಕಾಣದ ಒಂದು ಜೀವಿ, ಹಿಕ್ಕೇಲಿ ಬರೋ ಅದರ ಮೊಟ್ಟೆಗಳು ತೇವ, ಬೆಚ್ಚಗಿನ ಜಾಗ ಸಿಕ್ರೆ ಒಂದೆರಡು ದಿನದಲ್ಲಿ ರೋಗ ಹಬ್ಬಿಸೋಕೆ ರೆಡಿ. ಫಿನಾಯಿಲ್‌ಗೆಲ್ಲಾ ಸಾಯಲ್ಲ. ಹಳೇ ಭತ್ತದ ಹೊಟ್ಟು ಗೋರಿ ಎಸೆದು, ಗೂಡು ಒಣಗಿಸಿ, ಹೊಸದು ಹಾಕಿದ್ದಕ್ಕೇ ಒಂದು ಭಾನುವಾರ ಹೋಯ್ತು.

ಇಲ್ಲಿ ನಾನೊಂದು ಬುದ್ಧಿವಂತಿಕೆ ಮಾಡ್ದೆ. ಸುಸ್ತಾಗಿದೆಯಲ್ಲ ಪಾಪ ಅಂತ ಯಾರನ್ನೂ ಕೇಳ್ದೆ ಬಿ ಕಾಂಪ್ಲೆಕ್ಸ್ ಟಾನಿಕ್ ತಂದು ಜೊತೆಗೇ ಕುಡಿಸ್ದೆ. ಎರಡು ದಿನ ಆದ್ರೂ ಅಷ್ಟಕ್ಕಷ್ಟೆ. ಫೋನ್ ಮಾಡಿದ್ರೆ ಡಾಕ್ಟ್ರು ಮೊದ್ಲು ಆ ಟಾನಿಕ್ ನಿಲ್ಸಿ ಅಂತ ರೇಗಿದ್ರು. ವಿಷಯ ಏನಂದ್ರೆ ಆಂಪ್ರೋಲಿಯಂ ನೋಡೋಕೆ ಬಿ1 ವಿಟಮಿನ್ ಥರಾನೇ ಇರುತ್ತಂತೆ, ಆ ವೇಷ ಹಾಕ್ಕೊಂಡು ಹೋಗಿ ರೋಗದ ಜೀವಿಗೆ ಅಸಲಿ ಬಿ1 ಸಿಗದಂಗೆ ಮಾಡಿ ಸಾಯ್ಸುತ್ತೆ. ನಾನು ಅಸಲೀನೇ ತಂದು ಸುರಿದ್ರೆ ಔಷಧಿ ಏನ್ ಮಾಡ್ಬೇಕು? ಟಾನಿಕ್ ಕೊಡೋದಿದ್ರೆ ಕೋರ್ಸ್ ಮುಗಿದ್ಮೇಲೆ.

ಅಡುಗೆಮನೆ ಮೂಲೇಲಿ ಗೋಣಿಚೀಲ ಹಾಸಿ, ಮಂಕ್ರಿ ಕವುಚಿ, ಪಕ್ಕದಲ್ಲಿ ಅರವತ್ತರ ಬಲ್ಬು ಇಟ್ಟಿದ್ವಿ. ಅವ್ವ ಮುಟ್ಟಿ ನೋಡಿ ಜ್ವರ ಕಾಯ್ತದೆ ಅಂತಿತ್ತು, ಕೋಳಿ ಮೈ ಮಾಮೂಲಿಗೇ 41 ಡಿಗ್ರಿ ಅಂದ್ರೆ ನಂಬ್ಲಿಲ್ಲ. ನೀರು ಕುಡಿಸೋವಾಗ ಮಾತ್ರ ಹುಷಾರು, ನಾಲಿಗೆ ಬುಡದಲ್ಲೇ ಉಸಿರಾಟದ ತೂತು ಕಾಣುತ್ತೆ, ಬಾಯಿ ಅಗಲಿಸಿ ಸುರಿದ್ರೆ ಪುಪ್ಪುಸಕ್ಕೆ ಹೋಗುತ್ತೆ, ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ಬಿಟ್ರೆ ತಾನೇ ನುಂಗುತ್ತೆ. ಐದನೇ ದಿನ ಎದ್ದು ನಿಂತು ಅವ್ವನ ತಟ್ಟೆಗೇ ಕೊಕ್ಕು ಹಾಕ್ತು.

ಅವತ್ತೇ ಪಕ್ಕದಲ್ಲಿ ಜಾಲರಿ ಕಟ್ಟಿ ಬೇರೆ ಕೋಳಿಗಳ ಕಣ್ಣಿಗೆ ಬೀಳೋ ಹಂಗೆ ಇಡಬೇಕಿತ್ತು. ಮಗಳು ಹೆಸರಿಟ್ಟಿದ್ಲು, ಅವ್ವ ಅನ್ನ ಕಲಸಿ ತಿನ್ಸ್ತಿತ್ತು, ನಂಗೂ ಬಿಡೋಕೆ ಮನಸ್ಸಿಲ್ಲ, ಹಂಗೇ ಹದಿನೇಳು ದಿನ ಆಯ್ತು. ಹದಿನೆಂಟನೇ ದಿನ ಬೆಳಿಗ್ಗೆ ಒಯ್ದು ಹಿತ್ತಲಲ್ಲಿ ಬಿಟ್ರೆ ಒಂದೇ ನಿಮಿಷ, ಜುಟ್ಟು ಕಿತ್ತು ರಕ್ತ. ಕೆಂಪು ಕಂಡ್ರಂತೂ ಮಿಕ್ಕವೂ ಓಡ್ಬಂದು ಕುಕ್ತವೆ. 1920ರ ದಶಕದ ಶುರುವಿಗೇ ನಾರ್ವೆಯ ಶೆಲ್ಡೆರುಪ್ ಎಬ್ಬೆ ಅನ್ನೋರು ಕೋಳಿಗಳಲ್ಲಿ ಯಾರು ಯಾರಿಗೆ ಕುಕ್ಬೇಕು ಅನ್ನೋ ಸಾಲು ಇರುತ್ತೆ ಅಂತ ಬರೆದಿಟ್ಟಿದಾರೆ. ಸಾಲು ಬಿಟ್ಟು ಹೋದೋಳು ಅಂದ್ರೆ ವಾಪಸ್ ಬಂದಾಗ ಹೊಸಬಳೇ. ಅದಕ್ಕೇ ನಾನು ಹೇಳೋದು, ಜಾಸ್ತಿ ಮುದ್ದು ಮಾಡಿದ್ದು ಕಾಯಿಲೆಗಿಂತ ಅದಕ್ಕೆ ಹೆಚ್ಚು ತೊಂದ್ರೆ ಕೊಡ್ತು, ತಪ್ಪು ನಮ್ದೇ.

ಗಾಯಕ್ಕೆ ಅರಿಶಿನ, ಬೇವಿನೆಣ್ಣೆ ಹಚ್ಚಿ ಮತ್ತೆ ಶುರು ಮಾಡಿದ್ವಿ. ನಾಲ್ಕು ದಿನ ಜಾಲರಿ ಆಚೆ ಈಚೆ, ಜೊತೆಗೆ ಒಂದು ಸಾಧು ಕೋಳಿ. ಕಾಳು ಎರಡು ಕಡೆ ಚೆಲ್ಲೋದು, ಒಬ್ಳೇ ಎರಡೂ ಕಡೆ ಯಜಮಾನಿಕೆ ಮಾಡೋಕಾಗಲ್ಲ. ಆ ಕರಿ ಕೋಳಿ ಇದೆಯಲ್ಲ, ಎಲ್ಲಕ್ಕೂ ಮೊದ್ಲು ಮೇಲೆ ಬೀಳೋದು, ಅದನ್ನ ಎರಡು ದಿನ ಮಂಕ್ರಿ ಕೆಳಗೆ ಹಾಕಿದ್ವಿ. ಐದನೇ ರಾತ್ರಿ ಎಲ್ಲಾ ಕೂತ್ಮೇಲೆ ಕತ್ತಲಲ್ಲಿ ನಮ್ಮ ಯಾಟೆನ ಕೋಲಿನ ತುದೀಲಿ ಕೂರಿಸ್ದೆ, ಕತ್ತಲಲ್ಲಿ ಅವಕ್ಕೆ ಕಣ್ಣು ಕಾಣಲ್ಲ, ಜಗಳಕ್ಕೆ ಏಳಲ್ಲ. ಬೆಳಿಗ್ಗೆ ಐದೂವರೆಗೇ ಎದ್ದು ಕಾದೆ. ಎರಡು ಕುಕ್ಕು ಬಿತ್ತು, ತಲೆ ತಗ್ಗಿಸಿ ಪಕ್ಕಕ್ಕೆ ಹೋಯ್ತು, ಮುಗೀತು.

ಈಗ ಸಾಲಲ್ಲಿ ಕಟ್ಟಕಡೇಲಿದೆ, ಪರವಾಗಿಲ್ಲ. ತೊಂದ್ರೆ ಇರೋದು ಅವ್ವಂದು. ಸಂಜೆ ಐದಾದ್ರೆ ಯಾಟೆ ಅಡುಗೆಮನೆ ಹೊಸ್ತಿಲ ಹತ್ರ ಬಂದು ನಿಲ್ಲುತ್ತೆ, ಅನ್ನ ಹಾಕ್ಬೇಡವ್ವ ಅಂತ ನಾನು ಕೂಗ್ತೀನಿ, "ನಾನೆಲ್ಲಿ ಹಾಕ್ದೆ" ಅಂತ ಅವ್ವ ಸೆರಗಲ್ಲಿ ಕೈ ಒರೆಸ್ಕೊಳ್ಳುತ್ತೆ.